ಕೋವಿಯ ಮೇಲಿನ ನಿಂಬೆಯ ಗುರುತು

ತನ್ನ ಒಡಲಿನಿಂದ ಕಬ್ಬಿಣವನ್ನು ಕೊಟ್ಟ ಭೂತಾಯಿಗೆ, ಎಷ್ಟೋ ಕಾಲ ಬಿಸಿಲು ಕುಡಿದು ನಿಂತು ಕೊನೆಗೆ ಒಂದು ಕೋವಿಯ ಹಿಡಿಯಾಗಲು ಒದಗಿದ ಆಕ್ರೋಟ್ ಮರಕ್ಕೆ, ಇಳಿವಯಸ್ಸಿನಲ್ಲಿ ಪರದೇಶದಲ್ಲಿ ನನಗೆ ಅನ್ನದ ಜೊತೆಗೆ ಒಬ್ಬ ಗೆಳೆಯನನ್ನೂ ಕರುಣಿಸಿದ ಭಗವಂತನಿಗೆ, ಮತ್ತು ತಪ್ಪು ಮಾಡಿದ ಕೈಯನ್ನು ತಳ್ಳದೆ ಹಿಡಿದುಕೊಂಡ ಒಬ್ಬ ಕುಶಲಕರ್ಮಿಗೆ ಮೊದಲು ನಮಸ್ಕಾರ. ಇಷ್ಟು ಮಂದಿಗೆ ಋಣಿಯಾಗಿಯೂ ನಾನು ಆ ವರ್ಷ ನಡೆದುಕೊಂಡ ರೀತಿಯನ್ನು ನೆನೆದರೆ ಮನಸ್ಸು ಇಂದಿಗೂ ಕುಗ್ಗುತ್ತದೆ.

ಅದು ತೊಂಬತ್ತರ ದಶಕದ ನಡುಭಾಗ. ಮೈಸೂರಿನ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನಾನು ಅಮೆರಿಕದ ಜರ್ಮನ್‌ಟೌನಿನಲ್ಲಿ ಮಗಳ ಮನೆಯಲ್ಲಿದ್ದೆ. ಭಾನುವಾರಗಳಂದು ವರ್ಜೀನಿಯಾದ ಶ್ಯಾಂಟಿಲಿಯ ಒಂದು ಮನೆಯ ನೆಲಮಾಳಿಗೆಯಲ್ಲಿ ಕನ್ನಡದ ಮಕ್ಕಳಿಗೆ ಶ್ಲೋಕ ಹೇಳಿಕೊಡುತ್ತಿದ್ದೆ. ಆ ಮನೆ ಕೊಡಗಿನ ಹೆಣ್ಣುಮಗಳೊಬ್ಬಳದು. ಸೇನೆಯಿಂದ ಮೇಜರ್ ಆಗಿ ನಿವೃತ್ತರಾಗಿದ್ದ ಅವಳ ತಂದೆ, ಹೆಂಡತಿ ತೀರಿಹೋದ ಮೇಲೆ ಆ ಒಬ್ಬಳೇ ಮಗಳ ಬಳಿ ಬಂದು ನೆಲೆಸಿದ್ದರು. ಪಾಠ ನಡೆಯುವಾಗ ಅವರು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಮುಗಿದ ಮೇಲೆ ನನ್ನನ್ನು ಕೆಣಕುತ್ತಿದ್ದರು.

"ಮೇಷ್ಟ್ರೇ, ಸೊಳ್ಳೆ ಹೊಡೆಯೋದಕ್ಕೂ ನಿಮ್ಮ ಹತ್ರ ಒಂದು ಮಂತ್ರ ಇರಬೇಕಲ್ಲ?"

"ಇದೆ ಮೇಜರ್ರೇ. ಆದರೆ ಅದನ್ನ ಹೇಳಿ ಮುಗಿಸೋದ್ರೊಳಗೆ ಸೊಳ್ಳೆ ಕಚ್ಚಿ ಹೋಗಿರುತ್ತೆ."

ಹೀಗೆ ಬೆಳೆದ ಸ್ನೇಹ. ಒಂದು ವಸಂತದಲ್ಲಿ ಅವರ ಯಕೃತ್ತಿನಲ್ಲಿ ಅರ್ಬುದವಿದೆ ಎಂದು ವೈದ್ಯರು ಹೇಳಿದರು. ಆ ವಾರವೇ ಅವರು ನನ್ನನ್ನು ಕರೆಸಿಕೊಂಡು ಒಂದು ಆಸೆಯನ್ನು ತಿಳಿಸಿದರು.

ಕೊಡಗಿನವರಿಗೆ ಸೆಪ್ಟೆಂಬರಿನ ಮೊದಲಲ್ಲಿ ಕೈಲ್ ಮುಹೂರ್ತವೆಂಬ ಹಬ್ಬ. ನಾಟಿಯ ಕೆಲಸ ಮುಗಿದ ಮೇಲೆ ಮನೆಯ ಕೋವಿಗಳನ್ನು ದೇವರ ಮುಂದಿಟ್ಟು, ಗಂಧದ ಬೊಟ್ಟಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಕೆಂಪು ಹಳದಿಯ ಕಾಡುಹೂವನ್ನು ಸಿಕ್ಕಿಸುತ್ತಾರೆ. ಆಮೇಲೆ ಹಿರಿಯರು ಅದನ್ನೆತ್ತಿ ಕಿರಿಯರ ಕೈಗೆ ಕೊಡುತ್ತಾರೆ. ಮೇಜರ್ ಅವರ ಮನೆತನದ ಕೋವಿ ಅಣ್ಣನ ಮಕ್ಕಳಲ್ಲಿ ಉಳಿದಿತ್ತು.

"ನನ್ನ ಮಗಳ ಕೈಗೆ ಯಾರೂ ಏನೂ ಕೊಟ್ಟಿಲ್ಲ ಮೇಷ್ಟ್ರೇ. ಹೆಣ್ಣುಮಗು ಅಂತ ನಾನೂ ಸುಮ್ಮನಿದ್ದೆ. ಈ ಹಬ್ಬಕ್ಕೆ ಅವಳಿಗೆ ಅವಳದೇ ಒಂದು ಕೋವಿ ಕೊಡಬೇಕು. ನಾನು ಎದ್ದು ನಿಂತು ಕೊಡಬೇಕು. ಮಲಗಿಕೊಂಡಲ್ಲ."

ಉತ್ತರ ಕ್ಯಾರೊಲೈನಾದ ಗುಡ್ಡಗಳಲ್ಲಿ ಬೇಟೆಯ ಕೋವಿಗಳನ್ನು ಒಂದೊಂದಾಗಿ ಕೈಯಲ್ಲೇ ಮಾಡಿ, ಉಕ್ಕಿನ ಮೇಲೆ ಚಿತ್ತಾರ ಕೆತ್ತುವ ಮುದುಕನೊಬ್ಬನಿದ್ದ. ಏಪ್ರಿಲಿನಲ್ಲಿ ಮೇಜರ್, ಅವರ ಮಗಳು, ನಾನು ಮೂವರೂ ಆರು ಗಂಟೆ ಪ್ರಯಾಣ ಮಾಡಿ ಅವನ ಬಳಿಗೆ ಹೋದೆವು. ಕೋವಿಯ ಎರಡೂ ಪಕ್ಕದ ಉಕ್ಕಿನ ಮೇಲೆ ತೋಕ್ ಪೂವಿನ ಬಳ್ಳಿ ಬರಬೇಕೆಂದು ಮೇಜರ್ ಹೇಳಿದರು. ನಾನು ಕಾಗದದಲ್ಲಿ ಬರೆದು ತೋರಿಸಿದೆ. ಅವನು ಅದನ್ನು ನೋಡಿ, ಚಿತ್ರ ಸಾಲದು, ಎಸಳು ಯಾವ ಕಡೆಗೆ ಮಡಚಿಕೊಳ್ಳುತ್ತದೆ ಎಂದು ಕಣ್ಣಾರೆ ನೋಡಬೇಕು ಎಂದ. ಆಮೇಲೆ ಎಲ್ಲಿಂದಲೋ ಆ ಗಿಡದ ಗೆಡ್ಡೆಯನ್ನು ತರಿಸಿ ತನ್ನ ಜಗಲಿಯ ಕುಂಡದಲ್ಲಿ ನೆಟ್ಟನಂತೆ. ಜುಲೈಯಲ್ಲಿ ಅದು ಹೂಬಿಡುವವರೆಗೆ ಉಳಿಯನ್ನೇ ಮುಟ್ಟಲಿಲ್ಲವಂತೆ. ಏಪ್ರಿಲಿನ ಆ ದಿನ ಚಹಾ ಕುಡಿಯುತ್ತ ಮೇಜರ್ ಅವನಿಗೆ ತಮ್ಮ ನಾಡಿನ ಇನ್ನೊಂದು ಪದ್ಧತಿಯನ್ನೂ ಹೇಳಿದರು: ಮನೆಯಲ್ಲಿ ಸಾವಾದಾಗ ಆಕಾಶಕ್ಕೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಮುದುಕ ತಲೆಯಾಡಿಸಿದ. ಅಷ್ಟೇ.

ಆಗಸ್ಟಿನ ಮೊದಲ ವಾರ ಶ್ಯಾಂಟಿಲಿಯ ಪರವಾನಗಿ ಇರುವ ಅಂಗಡಿಯೊಂದಕ್ಕೆ ಕೋವಿ ಬಂತು. ಮಗಳು ಸಹಿ ಹಾಕಿ ಮನೆಗೆ ತಂದಳು. ಕೆತ್ತನೆ ಕಣ್ಣಿಗೆ ಹಬ್ಬವಾಗಿತ್ತು. ಆದರೆ ಮರದ ಹಿಡಿಗೆ ದಪ್ಪ ವಾರ್ನಿಷ್ ಬಳಿದು ಕನ್ನಡಿಯಂತೆ ಹೊಳೆಯಿಸಿದ್ದ.

ಮೇಜರ್ ಅದನ್ನು ತಿರುಗಿಸಿ ನೋಡಿದರು. "ಇದೇನು ಕೋವೀನಾ, ಹೋಟೆಲಿನ ಟೇಬಲ್ಲಾ? ಎಣ್ಣೆ ಕುಡಿದ ಮರದ ಬಣ್ಣ ಬೇಕು ಅಂದಿದ್ನಲ್ಲ."

ಮಗಳು ಫೋನ್ ಮಾಡಿದಳು. ಪೂಜೆಗೆ ಇಡುವ ಕೋವಿ ಹೊಳೆಯಬೇಕೆಂದು ತಾನೇ ಊಹಿಸಿಕೊಂಡೆ, ತಪ್ಪು ನನ್ನದು, ಕಳಿಸಿಕೊಡಿ ಎಂದು ಮುದುಕ ನೇರವಾಗಿ ಒಪ್ಪಿಕೊಂಡ. ವಾರ್ನಿಷ್ ಕೆರೆದು, ಅಗಸೆಯೆಣ್ಣೆಯನ್ನು ಅಂಗೈಯಿಂದಲೇ ತಿಕ್ಕಿ, ತಿಂಗಳ ಕೊನೆಗೆ ಮರಳಿಸಿದ. ಜೊತೆಗೆ ಒಂದು ಚೀಟಿ: ಎಣ್ಣೆ ಇನ್ನೂ ಹಸಿಯಾಗಿದೆ, ಉಕ್ಕಿನ ನೀಲಿಗಪ್ಪು ಬಣ್ಣವೂ ಹೊಸದು, ಒಂದು ತಿಂಗಳು ಯಾವ ತೇವವನ್ನೂ ತಾಗಿಸಬೇಡಿ. ಮಗಳು ಅದನ್ನು ಗಟ್ಟಿಯಾಗಿ ಓದಿದಳು. ನಾನೂ ಕೇಳಿಸಿಕೊಂಡೆ. ಪೂಜೆಯ ದ್ರವ್ಯಗಳಿಗೂ ಆ ಮಾತು ಅನ್ವಯಿಸುತ್ತದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ಮೇಜರ್ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಬ್ಬದ ಬೆಳಿಗ್ಗೆ ಬಿಡುತ್ತೇವೆ ಎಂದು ವೈದ್ಯರು ಹೇಳಿದ್ದರು. ಹಾಸಿಗೆಯಿಂದಲೇ ಅವರು ನನಗೆ ಹೇಳಿದರು: "ನಾಳೆ ಕೋವೀನ ದೇವರ ಕೋಣೇಲಿ ಇಟ್ಟುಬಿಡಿ ಮೇಷ್ಟ್ರೇ. ಒಂದು ಬೊಟ್ಟು ಗಂಧ ಸಾಕು. ನಿಮ್ಮ ಆಯುಧಪೂಜೆ ಎಲ್ಲ ಬೇಡ."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು ಅವರ ಮನೆಯ ದೇವರ ಕೋಣೆಗೆ ಹೋದೆ. ಮಗಳು ಆಸ್ಪತ್ರೆಯಲ್ಲಿದ್ದಳು. ಕೋವಿಯನ್ನು ಮಣೆಯ ಮೇಲಿಟ್ಟಾಗ, ಇಷ್ಟು ಸುಂದರವಾದ ಆಯುಧಕ್ಕೆ ಬರಿಯ ಒಂದು ಬೊಟ್ಟು ಸಾಕೇ ಎನಿಸಿತು. ಮೈಸೂರಿನಲ್ಲಿ ಮಹಾನವಮಿಗೆ ಕತ್ತಿ, ಕುಡುಗೋಲಿನಿಂದ ಹಿಡಿದು ಬಾಡಿಗೆ ಕಾರಿನವರೆಗೆ ಪೂಜೆ ಮಾಡಿಸಿದವನು ನಾನು. ಅರಿಶಿನವನ್ನು ನೀರಿನಲ್ಲಿ ಕಲಸಿ ಹಿಡಿಗೆ ಬಳಿದೆ. ನಿಂಬೆಹಣ್ಣನ್ನು ಕೊಯ್ದು, ಹೋಳುಗಳಿಗೆ ಕುಂಕುಮ ಹಚ್ಚಿ, ಕೆತ್ತಿದ ಹೂಬಳ್ಳಿಯ ಮೇಲೆಯೇ ಕವುಚಿಟ್ಟೆ. ಮಂತ್ರಗಳನ್ನು ಒಂದೂ ಬಿಡದೆ ಹೇಳಿದೆ. ಪ್ರೀತಿಯಿಂದ ಮಾಡಿದೆ ಎಂದರೆ ಪೂರ್ತಿ ನಿಜವಾಗದು. ಕೊಡಗಿನವರ ಸರಳವಾದ ಪೂಜೆಯನ್ನು ನಾನು ತಿದ್ದುತ್ತಿದ್ದೇನೆ ಎಂಬ ಹಮ್ಮೂ ಅದರಲ್ಲಿತ್ತು.

ಹಬ್ಬದ ಬೆಳಿಗ್ಗೆ ಬೇಗನೆ ಹೋಗಿ ನಿಂಬೆಯ ಹೋಳುಗಳನ್ನು ಎತ್ತಿದೆ. ಅವು ಕೂತಿದ್ದಲ್ಲಿ ನೀಲಿಗಪ್ಪು ಬಣ್ಣ ಕರಗಿಹೋಗಿ, ಉಕ್ಕು ಬೂದಿಯ ಬಣ್ಣದ ಎರಡು ಬಿಲ್ಲೆಗಳಂತೆ ಕಾಣುತ್ತಿತ್ತು. ಅಂಚಿನಲ್ಲಿ ಕೆಂಪು ತುಕ್ಕು. ಬಟ್ಟೆಯಿಂದ ಒರೆಸಿದರೂ ಹಿಡಿಯ ಮೇಲಿನ ಹಳದಿ ಹೋಗಲಿಲ್ಲ. ಹೋಳುಗಳನ್ನು ಹಿತ್ತಲಿನ ಕಸದ ಡಬ್ಬಕ್ಕೆ ಹಾಕಿ, ಕುಂಕುಮವನ್ನು ಒರೆಸಿ, ಒಂದೇ ಒಂದು ಗಂಧದ ಬೊಟ್ಟಿಟ್ಟು ಹೊರಗೆ ಬಂದು ಕೂತೆ.

ಹತ್ತು ಗಂಟೆಗೆ ಮೇಜರ್ ಬಂದರು. ಗಾಲಿಕುರ್ಚಿಯಿಂದ ಎದ್ದು, ಗೋಡೆ ಹಿಡಿದು, ದೇವರ ಕೋಣೆಯ ಬಾಗಿಲವರೆಗೆ ತಾವೇ ನಡೆದರು. ಮಗಳು ಕೋವಿಯನ್ನು ನೋಡಿದವಳೇ ಸಿಟ್ಟಿಗೆದ್ದಳು.

"ಅಯ್ಯೋ, ಮತ್ತೆ ಫಿನಿಷ್ ಹಾಳು ಮಾಡಿ ಕಳಿಸಿದ್ದಾನಲ್ಲಪ್ಪ! ಬಂದ ದಿನ ಸರಿಯಾಗಿ ನೋಡ್ಲೇ ಇಲ್ವಾ ನಾವು? ಈಗಲೇ ಕಾಲ್ ಮಾಡ್ತೀನಿ."

ನನ್ನೆದುರೇ ಅವಳು ಆ ಮುದುಕನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಳು. ನಾನು ಬಾಯಿ ಬಿಡಲಿಲ್ಲ. ಮೇಜರ್ ನನ್ನ ಕಡೆಗೆ ಬಹಳ ಹೊತ್ತು ನೋಡಿದರು. ಆಮೇಲೆ ಮಗಳಿಗೆ ಹೇಳಿದರು: "ಇವತ್ತು ಬೇಡ ಬಿಡಮ್ಮ. ಕಲೆ ಇರೋದನ್ನ ನಿನಗೆ ಕೊಡಲ್ಲ. ಸರಿ ಮಾಡಿಸ್ಕೊಂಡು ಬನ್ನಿ." ಮತ್ತೆ ಗೋಡೆ ಹಿಡಿದು ಕುರ್ಚಿಗೆ ಮರಳಿದರು. ಅವರು ಎದ್ದು ನಿಂತದ್ದನ್ನು ನಾನು ಕಂಡದ್ದು ಅದೇ ಕೊನೆ.

ಆ ಶನಿವಾರ ಮಗಳು, ನಾನು ಕೋವಿಯನ್ನು ತೆಗೆದುಕೊಂಡು ಕ್ಯಾರೊಲೈನಾಕ್ಕೆ ಹೋದೆವು. ಮುದುಕ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮೂಗಿನ ಹತ್ತಿರ ತಂದು ಮೂಸಿದ. ಇದು ನನ್ನ ಮನೆಯಿಂದ ಹೊರಟ ಕಲೆಯಲ್ಲ, ಇದರ ಮೇಲೆ ಯಾವುದಾದರೂ ಹುಳಿಹಣ್ಣು ಇಟ್ಟಿದ್ದಿರಾ ಎಂದು ಮೆತ್ತಗೆ ಕೇಳಿದ. ಮಗಳು ಇಲ್ಲವೆಂದು ಹೇಳುವಷ್ಟರಲ್ಲಿ ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ನಿಂಬೆ, ಅರಿಶಿನ, ಕಸದ ಡಬ್ಬ, ಎಲ್ಲವನ್ನೂ. ಅವನು ಕೋವಿಯನ್ನು ಮೇಜಿನ ಮೇಲಿಟ್ಟ. ಕುಡಿದವರು, ಮಳೆಯಲ್ಲಿ ಮರೆತುಬಂದವರು ಹಾಳು ಮಾಡಿದ ಕೋವಿಗಳನ್ನು ಜೀವಮಾನವೆಲ್ಲ ನೋಡಿದ್ದೇನೆ, ದೇವರ ಮುಂದಿಟ್ಟು ಹಾಳಾದದ್ದು ಇದೊಂದೇ ಎಂದ. ನನ್ನ ಭುಜದ ಮೇಲೆ ಕೈಯಿಟ್ಟ. ಉಕ್ಕನ್ನು ಮತ್ತೆ ತಿಕ್ಕಿ ಸವೆಸಿ, ಮಾಸಿದ ಎಸಳುಗಳನ್ನು ಮತ್ತೆ ಕೆತ್ತಿ, ಮತ್ತೆ ಬಣ್ಣ ಬರಿಸಬೇಕು. ಆರು ವಾರ ಬೇಕಾಗುತ್ತದೆ ಎಂದ.

ಮರಳಿ ಬರುವಾಗ ವರ್ಜೀನಿಯಾದ ಗಡಿ ದಾಟಿದ ಮೇಲೆ ಮಗಳು ರಸ್ತೆಯಿಂದ ಕಣ್ಣು ತೆಗೆಯದೆ, "ಅಂಕಲ್, ಅವತ್ತೇ ಹೇಳಿದ್ದಿದ್ರೆ ಅಪ್ಪ ನಕ್ಕುಬಿಟ್ಟು ಅವತ್ತೇ ಕೊಡ್ತಿದ್ರು" ಎಂದಳು.

ಮರುದಿನ ಮೇಜರ್ ಅವರ ಹಾಸಿಗೆಯ ಪಕ್ಕ ಕೂತು ಹೇಳಿದೆ.

"ಗೊತ್ತಿತ್ತು ಮೇಷ್ಟ್ರೇ. ನಿಮ್ಮ ಉಗುರಲ್ಲಿ ಅರಿಶಿನ ಇತ್ತು."

"ಹಾಗಾದರೆ ಯಾಕೆ ಸುಮ್ಮನಿದ್ರಿ?"

"ನೀವೇ ಹೇಳ್ತೀರಿ ಅಂತ ಕಾದೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ನನಗೂ ಇನ್ನೂ ಟೈಮ್ ಇದೆ ಅಂದ್ಕೊಂಡಿದ್ದೆ," ಎಂದರು. ಆಮೇಲೆ ನನ್ನ ಮುಖ ನೋಡಿ, "ಒಂದು ಬೊಟ್ಟು ಅಂದಿದ್ನಲ್ರೀ!" ಎಂದು ನಗಲು ನೋಡಿದರು. ನಗು ಕೆಮ್ಮಾಯಿತು.

ಅಕ್ಟೋಬರಿನಲ್ಲಿ, ಕೋವಿ ಬರಲು ಇನ್ನೂ ಒಂದು ವಾರವಿರುವಾಗ, ಒಂದು ಮಧ್ಯಾಹ್ನ ಅವರು ತೀರಿಕೊಂಡರು. ನಾನು ಹೋದಾಗ ಮಗಳು ಹಿಂದಿನ ಕಟ್ಟೆಯ ಮೇಲೆ ನಿಂತು ಒಂದಕ್ಕೊಂದು ಅಂಟಿದಂತಿರುವ ಮನೆಗಳನ್ನು ನೋಡುತ್ತಿದ್ದಳು. "ಊರಲ್ಲಾಗಿದ್ರೆ ಇಷ್ಟೊತ್ತಿಗೆ ಎರಡು ಗುಂಡು ಹಾರಿಸ್ತಿದ್ರು ಅಂಕಲ್. ಇಲ್ಲಿ ಹಾರಿಸಿದ್ರೆ ಪೊಲೀಸ್ ಬರ್ತಾರೆ. ಅಪ್ಪ ಸುಮ್ನೆ ಹಾಗೇ ಹೋಗಿಬಿಟ್ರು."

ವಿಷಯ ತಿಳಿಸಬೇಕೆಂದು ನಾನೇ ಕ್ಯಾರೊಲೈನಾಕ್ಕೆ ಫೋನ್ ಮಾಡಿದೆ. ಮುದುಕ, ಎರಡು ಗುಂಡು ಹಾರಿಸಿದಿರಾ ಎಂದು ಕೇಳಿದ. ಇಲ್ಲಿ ಸಾಧ್ಯವಿಲ್ಲ ಎಂದೆ. ಕೋವಿ ಅವಳದು, ಅವಳ ಅಪ್ಪಣೆ ಬೇಕು, ಫೋನ್ ಕೊಡಿ ಎಂದ. ಮಗಳು ರಿಸೀವರನ್ನು ಕಿವಿಗೊತ್ತಿಕೊಂಡು, ಹೂಂ ಎಂದಷ್ಟೇ ಅಂದಳು. ಅವನು ಫೋನನ್ನು ಕಿಟಕಿಯ ಮೇಲಿಟ್ಟು ಮನೆಯ ಹಿಂದಿನ ಗುಡ್ಡಕ್ಕೆ ಹೋದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು, ಒಣಕಡ್ಡಿ ಮುರಿದಷ್ಟು ಸಣ್ಣ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಆ ಕೋವಿಯಿಂದ ಮನೆಯವರಿಗಾಗಿ ಹಾರಿಸಿದ ಮೊದಲ ಗುಂಡುಗಳು ಅವು.

ಮುಂದಿನ ವಾರ ಕೋವಿ ಬಂತು. ಉಕ್ಕಿನ ಮೇಲೆ ಕಲೆಯ ಸುಳಿವೂ ಇರಲಿಲ್ಲ. ಹಿಡಿಯ ಮೇಲೆ ಮಾತ್ರ ಒಂದು ಕಡೆ ತೆಳುವಾದ ಹಳದಿ ಉಳಿದಿತ್ತು. ಅದನ್ನು ತೆಗೆಯಲು ಹೋದರೆ ಹಿಡಿ ತೆಳ್ಳಗಾಗಿಬಿಡುತ್ತದೆ, ಬಿಟ್ಟಿದ್ದೇನೆ ಎಂದು ಚೀಟಿಯಲ್ಲಿ ಬರೆದಿದ್ದ. ಕುಂಡದ ಗಿಡ ಹಿಮಕ್ಕೆ ಸತ್ತುಹೋಯಿತೆಂದೂ ಬರೆದಿದ್ದ.

"ಅಂಕಲ್, ನೀವೇ ಎತ್ತಿ ಕೊಡಿ. ಹಿರಿಯರು ಇನ್ಯಾರಿದ್ದಾರೆ?" ಎಂದಳು ಮಗಳು.

ನನ್ನ ಕೈ ಮುಂದೆ ಬರಲಿಲ್ಲ. ಕೋವಿಯನ್ನು ಮೇಜರ್ ಅವರ ಚಿತ್ರದ ಮುಂದಿಟ್ಟು, ಒಂದು ಬೊಟ್ಟನ್ನೂ ಇಡದೆ ಹಿಂದೆ ಸರಿದೆ. ಕೊನೆಗೆ ಅವಳು ತಾನೇ ಬಗ್ಗಿ ಎತ್ತಿಕೊಂಡಳು.

ಜಗಲಿಯಲ್ಲಿ ಹೂವು ಬೆಳೆದು ಕೆತ್ತಿದ ಆ ಕೈಗಳಿಗೆ ನಡುಕ ಬಾರದಿರಲಿ. ಕೊಡುವವರಿಲ್ಲದೆ ತಾನೇ ಎತ್ತಿಕೊಂಡ ಆ ಹೆಣ್ಣುಮಗಳ ಮನೆ ತುಂಬಿರಲಿ, ಅವಳು ಎತ್ತಿ ಕೊಡುವ ದಿನ ಬಂದಾಗ ಅವಳ ಕಾಲಲ್ಲಿ ಶಕ್ತಿಯಿರಲಿ. ನನ್ನ ಮಾತಿಗಾಗಿ ಕಾದ ಗೆಳೆಯನಿಗೆ ಸದ್ಗತಿಯಾಗಲಿ. ಈ ಕೆಲಸದಲ್ಲಿ ಕೈಯಿಟ್ಟ ಎಲ್ಲರಿಗೂ ಒಳ್ಳೆಯದಾಗಲಿ.