ಗುಡುಗಿಗೆ ಕಿತ್ತ ಪ್ಲಗ್ಗು

ನರಸಿಂಹರಾಜಪುರದ ನಮ್ಮ ಮನೆಯಲ್ಲಿ ಗುಡುಗು ಕೇಳಿದರೆ ಸಾಕು, ಅತ್ತೆ ಎಲ್ಲ ಪ್ಲಗ್ಗು ಕೀಳುತ್ತಾರೆ. ಟಿವಿ, ಫ್ರಿಜ್ಜು, ಮಿಕ್ಸಿ, ಒಂದನ್ನೂ ಬಿಡುವುದಿಲ್ಲ. ಅವತ್ತು ಇಂಟರ್ನೆಟ್ಟಿನ ಮೋಡೆಮ್ಮಿನದೂ ಕಿತ್ತರು. ನಾನು ಆಗಷ್ಟೇ ಸರ್ವರ್ ನಿಲ್ಲಿಸಿ, ಬುಕಿಂಗ್ ಪುಟದ ಒಂದು ತಪ್ಪು ತಿದ್ದುತ್ತಿದ್ದೆ.

ಶೃಂಗೇರಿಯ ಲಾಡ್ಜೊಂದರ ವೆಬ್‌ಸೈಟು ಅದು, ನನ್ನ ಮೊದಲ ಕೆಲಸ. ಸರ್ವರ್ ಇದ್ದದ್ದು ಮನೆಯಲ್ಲಲ್ಲ. ಮುಂಬೈ ಕಡೆ ಎಲ್ಲೋ ಇರುವ, ಬಾಡಿಗೆಗೆ ಹಿಡಿದ ಕ್ಲೌಡ್ ಯಂತ್ರ. ಇಂಟರ್ನೆಟ್ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ಲಾಡ್ಜಿನ ಮಾಲೀಕರು ನನ್ನ ಗಂಡನ ಹಾರ್ಡ್‌ವೇರ್ ಅಂಗಡಿಯ ಗಿರಾಕಿ. ಸಂಜೆಯೊಳಗೆ ಸೈಟು ತೆರೆಯದಿದ್ದರೆ ಶಿವಮೊಗ್ಗದವರಿಗೆ ಕೊಡುತ್ತೇನೆಂದು ನಮ್ಮವರ ಹತ್ತಿರ ಹೇಳಿ ಹೋಗಿದ್ದರು. ಕೆಲಸ ಮಾಡುತ್ತಿರುವುದು ನಾನು ಅಂತ ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ಮೈಯೆಲ್ಲ ಉರಿದಿತ್ತು ನನಗೆ. ಇದು ಕೈತಪ್ಪಿದರೆ ಅಂಗಡಿಯ ಬಿಲ್ಲು ಟೈಪು ಮಾಡುತ್ತ ಕೂರುವುದೇ ಗತಿ.

"ಅತ್ತೆ, ಪ್ಲಗ್ಗು ಹಾಕಿ! ಎಲ್ಲ ಅರ್ಧಕ್ಕೆ ನಿಂತಿದೆ!"

"ಹಾಕಲ್ಲ ಮಾರಾಯ್ತಿ. ಪಕ್ಕದ ಮನೆ ಟಿವಿ ಸುಟ್ಟುಹೋಗಿದ್ದು ನೋಡಿಲ್ವಾ? ನಿನ್ನ ಸೈಟು ಹೋದ್ರೆ ಇನ್ನೊಂದು ಮಾಡ್ತೀಯ. ನೀನು ಹೋದ್ರೆ?"

ಸ್ವಿಚ್ಚಿಗೆ ಅಡ್ಡ ನಿಂತೇಬಿಟ್ಟರು.

ಲ್ಯಾಪ್‌ಟಾಪನ್ನು ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿ ಸರ್ವರಿನೊಳಗೆ ಹೋಗಲು ನೋಡಿದೆ. ಉತ್ತರವೇ ಇಲ್ಲ. ಮತ್ತೆ ನೋಡಿದೆ. ಊಹೂಂ. ನಮ್ಮವರು ಅಂಗಡಿಯಿಂದ ಫೋನು ಮಾಡಿ, "ಲಾಡ್ಜಿನವರು ಆಗಿಂದ ಕೇಳ್ತಾ ಇದ್ದಾರೆ, ಏನು ಹೇಳ್ಲಿ?" ಅಂದರು.

"ಸತ್ತುಹೋಗಿದೆ ಅಂತ ಹೇಳಿ!" ಎಂದು ರೇಗಿ ಇಟ್ಟೆ.

ಆಮೇಲೆ ಹೊಳೆಯಿತು. ಕಂಡವರು ನುಗ್ಗಬಾರದೆಂದು ನಾನೇ ನಿಯಮ ಹಾಕಿದ್ದೆ: ನಮ್ಮ ಮನೆಯ ಇಂಟರ್ನೆಟ್ ವಿಳಾಸದಿಂದ ಬಂದವರನ್ನು ಮಾತ್ರ ಒಳಗೆ ಬಿಡಬೇಕು. ಮೊಬೈಲಿನ ವಿಳಾಸ ಬೇರೆ. ನಾನು ಕಟ್ಟಿದ ಸರ್ವರು ನನ್ನನ್ನೇ ಹೊರಗೆ ನಿಲ್ಲಿಸಿತ್ತು!

ಎಲ್ಲಿಂದಲೂ ತೆರೆಯಬಹುದಾದ ಕ್ಲೌಡ್ ಕಂಪನಿಯ ಪುಟದಲ್ಲಿ ಮೊಬೈಲಿನ ವಿಳಾಸ ಸೇರಿಸಬೇಕು. ಸಿಗ್ನಲ್ ನೋಡಿದರೆ ಒಂದೇ ಕಡ್ಡಿ. ಕಿಟಕಿಯ ಹತ್ತಿರ ಹೋಗೋಣವೆಂದರೆ ಮತ್ತೊಂದು ಗುಡುಗು. ಅತ್ತೆ ತೋಳು ಹಿಡಿದು ಎಳೆದರು. ಪುಟ ತಿರುಗಿತು, ತಿರುಗಿತು, ಕೊನೆಗೂ ತೆರೆಯಿತು. ವಿಳಾಸ ಸೇರಿಸಿ, ಒಳಗೆ ಹೋಗಿ, ತಪ್ಪು ತಿದ್ದಿ, ಸರ್ವರ್ ಶುರು ಮಾಡಿದೆ. ಲಾಡ್ಜಿನ ಫೋಟೊ, ರೂಮುಗಳು, ಬುಕಿಂಗ್ ಬಟನ್ ಒಂದೊಂದೇ ಮೂಡಿದವು. ಹೊರಗೆ ಇನ್ನೂ ಬೆಳಕಿತ್ತು.

ಸ್ವಲ್ಪ ಹೊತ್ತಿಗೆ, ನಮ್ಮವರ ಫೋನು ಸಿಗದೆ, ಅತ್ತೆಯ ಮೊಬೈಲಿಗೆ ಲಾಡ್ಜಿನವರ ಫೋನು ಬಂತು. ಅತ್ತೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಸೈಟು ಚೆನ್ನಾಗಿ ಬಂದಿದೆ ಅಮ್ಮ. ನಿಮ್ಮ ಮಗನಿಗೆ ಹೇಳಿ, ಇನ್ನು ಮುಂದೆಯೂ ಅವನೇ ನೋಡ್ಕೊಳ್ಳಲಿ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು.

"ಅವನೆಂಥ ನೋಡ್ಕೊಳ್ತಾನೆ? ಅವನಿಗೆ ಬಲ್ಬ್ ಹಾಕೋಕೂ ಬರಲ್ಲ ಮಾರಾಯ್ರೆ. ಮಾಡಿದ್ದು ನನ್ನ ಸೊಸೆ. ಕೆಲಸ ಬೇಕಿದ್ರೆ ಅವಳ ಹತ್ರ ಕೇಳಿ."

ಆ ಕಡೆಯಿಂದ ಲಾಡ್ಜಿನವರು, "ಹಾಗಾದ್ರೆ ಅವರಿಗೇ ಕೊಡಿ ಫೋನು" ಎಂದರು.

ಅತ್ತೆ ಫೋನು ನನ್ನ ಕೈಗಿಟ್ಟರು. ಅಷ್ಟು ಹೊತ್ತು ಕೂಗಾಡಿದವಳು ಈಗ ಮೆಲ್ಲಗೆ "ಹಲೋ" ಎಂದೆ.