ಕೆಂಪಿಗೊಂದು ಗಂಡು

ಕಳೆದ ಭಾನುವಾರ ಗಂಡು ನೋಡಲು ಹೋಗಿದ್ದೆ. ಹೆಣ್ಣಿನ ಹೆಸರು ಕೆಂಪಿ. ನಾಲ್ಕು ಕಾಲು, ಒಂದು ಬಾಲ, ನನ್ನ ಎದೆಯಷ್ಟು ಎತ್ತರ.

ಕೆಂಪಿ ಚಂದಕವಾಡಿಯ ನಾಗಮಲ್ಲಪ್ಪನವರ ಮನೆಯ ತಟ್ಟು. ಹಳೆಯ ಓದುಗರಿಗೆ ಇಷ್ಟು ಸಾಕು. ಹೊಸಬರಿಗೆ ಹೇಳುವುದಾದರೆ, ನಮ್ಮ ಸೀಮೆಯ ಗಿಡ್ಡ ಕುದುರೆ. ಲಾಳ ಬೇಡ, ಲಾಯ ಬೇಡ. ರಾಗಿ ಹುಲ್ಲು ತಿಂದುಕೊಂಡು, ಟ್ರಾಕ್ಟರ್ ನುಗ್ಗದ ಬಾಳೆ ಸಾಲಿನೊಳಗೆ ಗೊಬ್ಬರ ಹೊರುತ್ತದೆ. ಕಾಯಿಲೆ ಬೀಳುವ ಅಭ್ಯಾಸವಿಲ್ಲ. (ಜೀವಮಾನವೆಲ್ಲ ಪಶುವೈದ್ಯನಾಗಿದ್ದವನಿಗೆ ಇಂಥ ಪ್ರಾಣಿಯ ಮೇಲೆ ಪ್ರೀತಿ ಹುಟ್ಟುವುದು ಕಷ್ಟ.)

ನಾಗಮಲ್ಲಪ್ಪನವರ ತಾತನ ಕಾಲದಿಂದಲೂ ಆ ಮನೆಯಲ್ಲಿ ತಟ್ಟು ಉಂಟು. ಈಗ ಸುತ್ತಲ ಊರುಗಳಲ್ಲೆಲ್ಲ ಉಳಿದಿರುವುದು ಕೆಂಪಿ ಒಬ್ಬಳೇ. ಅವಳಿಗೂ ಹದಿನಾಲ್ಕಾಯಿತು. ಇನ್ನೆರಡು ವರ್ಷದಲ್ಲಿ ಗಬ್ಬ ನಿಲ್ಲದಿದ್ದರೆ ಆ ಸಂತಾನ ಅಲ್ಲಿಗೆ ಮುಗಿಯಿತು.

"ಮೈಸೂರಲ್ಲಿ ಜಟಕಾ ಕುದುರೆ ಸಿಗುತ್ತಲ್ಲ?" ಎಂದೆ.

"ಬ್ಯಾಡಿ ಸಾ. ಉದ್ದದ್ ಜಾತಿ ಕಟ್ಟುದ್ರೆ ಮರೀನೂ ಉದ್ದಾಯ್ತದೆ. ಅದ್ಕೆ ಲಾಳ ಬೇಕು, ಕಡ್ಲೆ ಬೇಕು, ಆಮೇಲ್ ನೀವೂ ಬೇಕು!"

ಅವರ ಹೆಂಡತಿ ಗೌರಮ್ಮನವರು ಒಳಗಿನಿಂದಲೇ ಕೂಗಿದರು: "ಮಗ್ಳಿಗ್ ಗಂಡ್ ಹುಡ್ಕುವಾಗ ಈಪಾಟಿ ಓಡಾಡ್ನಿಲ್ಲ ಸಾ ಈವಯ್ಯ!"

ಮೂರು ತಿಂಗಳು ಹುಡುಕಿದ ಮೇಲೆ, ಗುಂಡ್ಲುಪೇಟೆಯ ಆಚೆ ಮದ್ದೂರಿನಲ್ಲಿ ಒಂದು ಗಂಡು ತಟ್ಟು ಇದೆಯೆಂಬ ಸುದ್ದಿ ಬಂತು. (ವಡೆಯ ಮದ್ದೂರಲ್ಲ, ಕಾಡಂಚಿನ ಮದ್ದೂರು.) ನಾಗಮಲ್ಲಪ್ಪನವರು ಬಿಳಿ ಪಂಚೆಯುಟ್ಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನನ್ನ ಕಾರು ಹತ್ತಿದರು. ಬರಿಗೈಲಿ ಗಂಡು ನೋಡಲು ಹೋಗುವುದುಂಟೆ? ಚೆಂಡುಹೂವಿನ ಹೊಲಗಳಲ್ಲಿ ಸೆಲ್ಫಿಗೆ ನಿಂತವರನ್ನು ದಾಟಿಕೊಂಡು ಹೋದೆವು. ದಾರಿಯುದ್ದಕ್ಕೂ ಹುಟ್ಟಲಿರುವ ಮರಿಯ ಬಣ್ಣದ್ದೇ ಚರ್ಚೆ.

ಗಂಡು ಹಿತ್ತಲಲ್ಲಿ ನಿಂತಿತ್ತು. ಬೂದು ಮೈ, ಅಗಲ ಎದೆ, ಕಲ್ಲಿನಂಥ ಗೊರಸು. ನಾಗಮಲ್ಲಪ್ಪನವರು ಎರಡು ಸುತ್ತು ಬಂದು ಅದರ ಹಣೆ ಸವರಿದರು.

"ಇದೇಯ ಸಾ. ನಮ್ ತಾತ ಸಾಕಿದ್ದು ಇಂಥದ್ದೇಯ."

ನಾನು ವೃತ್ತಿಯ ಚಾಳಿಯಂತೆ ಬಗ್ಗಿ ನೋಡಿದೆ. ನೋಡಬೇಕಾದದ್ದು ಇರಲಿಲ್ಲ.

ಬೀಜ ತೆಗೆಸಿದ ಕುದುರೆ.

ಅಷ್ಟರಲ್ಲಿ ಅದರ ಯಜಮಾನರಾದ ಮಾದಶೆಟ್ಟರು ಒಳಗಿನಿಂದ ಬಂದರು. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು. "ಅಯ್ಯೋ, ಗುಂಡ್ಲುಪೇಟೆ ಡಾಕ್ಟ್ರು! ಗುರ್ತ್ ಸಿಕ್ನಿಲ್ವಾ ಸಾ? ನೀವೇಯ ಇದ್ಕೆ ಆಪ್ರೇಸನ್ ಮಾಡುದ್ದು. ಏನ್ ಕೈಗುಣ ನಿಮ್ದು! ಅವತ್ತಿಂದ ಒಂದ್ ದಿನಾನೂವೆ ಕಾಯ್ಲೆ ಅಂತ ಮಲಗ್ನಿಲ್ಲ!"

ಒಳಗೆ ಓಡಿಹೋಗಿ ಒಂದು ಚೀಟಿ ತಂದರು. ಹದಿನೈದು ವರ್ಷದ ಹಿಂದಿನದು. ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ! ನನ್ನದೇ ಅಕ್ಷರ, ನನ್ನದೇ ಸಹಿ: ಗಿಡ್ಡ, ಕಳಪೆ ಜಾತಿ. ಸಂತಾನಕ್ಕೆ ಯೋಗ್ಯವಲ್ಲ.

ಆಗ ನನಗೆ ಎತ್ತರವೇ ಯೋಗ್ಯತೆಯಾಗಿತ್ತು. ಯಾರೂ ಹೇಳಿರಲಿಲ್ಲ, ಎಲ್ಲ ನನ್ನದೇ ಉತ್ಸಾಹ. ಹಳ್ಳಿ ಹಳ್ಳಿ ಅಲೆದು, ಪುಸಲಾಯಿಸಿ, ಕಂಡ ಗಿಡ್ಡ ಗಂಡುಗಳಿಗೆಲ್ಲ ಇದೇ ಸೇವೆ ಸಲ್ಲಿಸಿದೆ. ಡಾಕ್ಟರು ಹೇಳಿದರೆಂದು ಜನ ಒಪ್ಪಿದರು. ದಿನವೆಲ್ಲ ಹೊರೆ ಹೊತ್ತು ಒಂದು ಮಾತ್ರೆಯನ್ನೂ ಕೇಳದ ಪ್ರಾಣಿಯನ್ನು ಕಳಪೆ ಎನ್ನಲು ನನಗೆ ಬೇಕಾದದ್ದು ಒಂದು ಅಳತೆಯ ಟೇಪು ಮಾತ್ರ.

ತಂದದ್ದನ್ನು ವಾಪಸ್ ಒಯ್ಯುವುದು ಚೆನ್ನಲ್ಲವೆಂದು ನಾಗಮಲ್ಲಪ್ಪನವರು ಬಾಳೆಹಣ್ಣನ್ನು ಆ ಕುದುರೆಗೇ ತಿನ್ನಿಸಿದರು. ಒಂದೊಂದಾಗಿ, ಸಿಪ್ಪೆ ಸುಲಿದು.

ವಾಪಸ್ ಬರುವಾಗ ತೆರಕಣಾಂಬಿ ದಾಟಿದ ಮೇಲೆ ನಾಗಮಲ್ಲಪ್ಪನವರು ಮೆಲ್ಲಗೆ ಕೇಳಿದರು: "ತಪ್ ತಿಳ್ಕಬ್ಯಾಡಿ ಸಾ. ನಮ್ ಚಾಮ್ರಾಜ್ನಗರದ್ ಕಡೇಲೂ ಕೆಲ್ಸ ಮಾಡಿದ್ರಾ ನೀವು?"

"ಆರು ವರ್ಷ" ಎಂದೆ.

"ಓ" ಎಂದರು.

ಬಯ್ದಿದ್ದರೆ ಚೆನ್ನಾಗಿತ್ತು. ನಮ್ಮ ಜನಕ್ಕೆ ಡಾಕ್ಟರನ್ನು ಬಯ್ಯುವ ಅಭ್ಯಾಸವಿಲ್ಲ. ಚೀಟಿಯನ್ನು ಜೋಪಾನ ಮಾಡುವ ಅಭ್ಯಾಸವಿದೆ.

ಓದುಗರಲ್ಲಿ ಯಾರ ಹಿತ್ತಲಲ್ಲಾದರೂ ಗಿಡ್ಡ ಗಂಡು ತಟ್ಟು ಇದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ನನ್ನ ಕೈಗೆ ಸಿಗದೆ ತಪ್ಪಿಸಿಕೊಂಡದ್ದು ಒಂದಾದರೂ ಇರಬೇಡವೆ?