ಕಾಯಲು ಬಾರದ ಕೀಬೋರ್ಡು

೧೯೮೭ರಲ್ಲಿ ನಾನು ಹೊನ್ನಾಳಿಯ ಚನ್ನಬಸಪ್ಪನವರ ಡ್ರಾಮಾ ಸೀನರಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಹಳ್ಳಿಯವರು ನಾಟಕ ಆಡುವಾಗ ಪರದೆ, ವೇಷ, ಮೈಕು, ಸಂಗೀತ ಎಲ್ಲವನ್ನೂ ಬಾಡಿಗೆಗೆ ಒದಗಿಸುವ ಅಂಗಡಿ ಅದು. ತಬಲಾಕ್ಕೆ ನ್ಯಾಮತಿಯ ಖಾದರ್ ಸಾಬರು. ಚನ್ನಗಿರಿಯಿಂದ ಜಗಳೂರಿನವರೆಗೆ ನಾವಿಬ್ಬರೂ ಒಟ್ಟಿಗೆ ಕೂರದ ಸ್ಟೇಜು ಕಡಿಮೆ.

ಆ ವರ್ಷ ಮಾಲೀಕರು ನನ್ನ ಹಳೆಯ ಕೀಬೋರ್ಡನ್ನು ಮಾರಿ, ಬೇರೆ ಕಂಪನಿಯ ಅರೇಂಜರ್ ಕೀಬೋರ್ಡೊಂದನ್ನು ಬೊಂಬಾಯಿಯಿಂದ ತರಿಸಿದರು. ಎಡಗೈಯಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಡ್ರಮ್ಮು, ಬೇಸು ತಾವಾಗಿಯೇ ಶುರುವಾಗುತ್ತಿದ್ದವು. ಬಲಗೈಯಲ್ಲಿ ಹಾಡು ನುಡಿಸಿದರಾಯಿತು. ಮೊದಲ ದಿನ ಹಿಗ್ಗಿದ್ದೆ, ಸುಳ್ಳೇಕೆ ಹೇಳಲಿ? ಹಾಡುವವರು ಶ್ರುತಿ ಏರಿಸಿದಾಗ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಮರುದಿನವೇ ಬಣ್ಣ ಬಯಲಾಯಿತು. ಕೀಗಳು ತೀರಾ ಹಗುರ, ಬೆರಳು ತಾಗಿದರೂ ಅರಚುತ್ತಿದ್ದವು. ಅದರ ಹಾರ್ಮೋನಿಯಂ ದನಿಗೆ ನೆಗಡಿ ಹಿಡಿದಂತಿತ್ತು. ದಾದ್ರಾ ತಾಳ ಬೇಕೆಂದರೆ ಇಂಗ್ಲಿಷರ ಕುಣಿತದ ವಾಲ್ಟ್ಸ್ ಕೊಡುತ್ತಿತ್ತು. ಹಳೆಯದರಲ್ಲೂ ಸಣ್ಣದೊಂದು ತಾಳವಿತ್ತು, ಆದರೆ ಎಡಗೈ ಎತ್ತಿದರೆ ಅದು ನಿಲ್ಲುತ್ತಿತ್ತು. ಇದು ಸ್ಟಾಪ್ ಗುಂಡಿ ಒತ್ತುವವರೆಗೂ ಹುಚ್ಚು ಕುದುರೆಯ ಹಾಗೆ ಓಡುತ್ತಲೇ ಇರುತ್ತಿತ್ತು.

"ಇನ್ಮ್ಯಾಲೆ ತಬಲಾ ಬ್ಯಾಡ್ರಿ ಮಾಸ್ತರ, ಎಲ್ಲಾ ಇದ್ರಾಗೇ ಐತೆ," ಎಂದರು ಮಾಲೀಕರು. ಖಾದರ್ ಸಾಬರು ಅಲ್ಲೇ ಕೂತಿದ್ದರು. ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ನಾನು ಜಗಳಕ್ಕೇ ನಿಂತೆ. ಕೊನೆಗೆ ಮಾಲೀಕರು, "ಸೊಕ್ಕೆ ತಾಲೀಮಿನಾಗೆ ನೋಡಾನ. ಹೊಂದಲಿಲ್ಲ ಅಂದ್ರೆ ಸಾಬ್ರು ಇರ್ಲಿ," ಎಂದು ಒಪ್ಪಿದರು.

ಜಗಳೂರು ತಾಲ್ಲೂಕಿನ ಸೊಕ್ಕೆಯ ಶಾಲೆಯಲ್ಲಿ ಹಗಲು ತಾಲೀಮು. ಸಾಬರೂ ತಬಲಾ ತಂದು ಒಂದು ಬದಿಗೆ ಕೂತಿದ್ದರು. ನಾಟಕದ ನಾಯಕ ತಿಪ್ಪೇಸ್ವಾಮಿ ಅದೇ ಊರಿನ ರೈತ. ನಮ್ಮ ಕಡೆಯ ಪಾತ್ರಧಾರಿಗಳು ಹಾಡಿನ ಕೊನೆಯ ಪದವನ್ನು ಉಸಿರು ಇರುವಷ್ಟೂ ಎಳೆಯುತ್ತಾರೆ. ಜನ "ಒನ್ಸ್ ಮೋರ್" ಎಂದು ಕೂಗುವುದು ಆ ಎಳೆತಕ್ಕೇ. ಅಷ್ಟು ಹೊತ್ತೂ ಖಾದರ್ ಸಾಬರು ಹಾಡುವವನ ಕೊರಳನ್ನೇ ನೋಡುತ್ತ ಕೈ ಎತ್ತಿಕೊಂಡು ಕಾಯುವರು. ಪದ ಇಳಿದಾಗ ಕೈಯೂ ಇಳಿಯುವುದು.

ಮಿಷನ್ನು ಕಾಯಲಿಲ್ಲ. ತಿಪ್ಪೇಸ್ವಾಮಿ ಎಳೆದು ಇಳಿಯುವಷ್ಟರಲ್ಲಿ ತಾಳ ಎಲ್ಲಿಗೋ ಹೋಗಿತ್ತು. ಮತ್ತೆ ಹಾಡಿದ, ಮತ್ತೆ ಹಾಗೇ ಆಯಿತು. ಕಿಟಕಿಯಲ್ಲಿ ನಿಂತವರು ನಕ್ಕರು. ಸಾಬರ ಜಾಗ ಉಳಿಯಿತೆಂದು ನನಗೆ ಒಳಗೊಳಗೇ ಖುಷಿ.

ಮಾಲೀಕರು ಬೈದದ್ದು ಮಿಷನ್ನಿಗಲ್ಲ. "ಎಳೀಬ್ಯಾಡೋ ತಿಪ್ಪೇಸ್ವಾಮಿ! ಅದು ಹೆಂಗೆ ಹೋಗ್ತೈತೋ ಹಂಗೆ ಹಾಡು," ಎಂದು ಅವನ ಮೇಲೆ ಹರಿಹಾಯ್ದರು. ಅವನು ಹೆದರಿ, ಬರುತ್ತಿದ್ದ ಹಾಡನ್ನೂ ಮರೆತ. ಕಣ್ಣಲ್ಲಿ ನೀರು ತುಂಬಿಕೊಂಡು, "ನನ್ನ ಪಾರ್ಟು ಬ್ಯಾರೇರಿಗೆ ಕೊಡ್ರಿ," ಎಂದ.

ಆಗ ಖಾದರ್ ಸಾಬರು ಎದ್ದರು. ಅವನನ್ನು ಹೊರಗೆ ಕರೆದೊಯ್ದು, ತೊಡೆ ತಟ್ಟಿ ತಾಳದ ಮಾತ್ರೆ ಎಣಿಸುತ್ತ, ಕೊನೆಯ ಪದವನ್ನು ಮೊಟಕು ಮಾಡುವುದನ್ನು ಕಲಿಸಿದರು. ಸಂಜೆಯೊಳಗೆ ಅವನ ಹಾಡು ಮಿಷನ್ನಿಗೆ ಸರಿಯಾಗಿ ಹೊಂದಿತು.

ನನಗೆ ಮೈಯೆಲ್ಲ ಉರಿಯಿತು. "ಸುಮ್ನಿದ್ದಿದ್ರೆ ನಿಮ್ಮ ಜಾಗ ಉಳೀತಿತ್ತಲ್ರೀ ಸಾಬ್ರೆ," ಎಂದೆ.

"ಊರ ಮುಂದೆ ಅವನ ಮಾನ ಹೋಗಾಕೆ ಬಿಡ್ಲೇನ್ರಿ ಮಾಸ್ತರ? ಆ ಹಾಡು ಕಲಿಸಿದೋನು ನಾನೇ ಅಲ್ಲೇನ್ರಿ?" ಎಂದು ತಬಲಾ ಗಂಟು ಕಟ್ಟಿದರು.

ನಾಟಕ ಎಲ್ಲೂ ತಪ್ಪದೆ ನಡೆಯಿತು. ಚಪ್ಪಾಳೆಯೂ ಬಂತು. ತಿಪ್ಪೇಸ್ವಾಮಿಯ ಹಾಡಿಗೆ ಒಬ್ಬರೂ ಒನ್ಸ್ ಮೋರ್ ಅನ್ನಲಿಲ್ಲ. "ನೋಡ್ರಿ, ಟೈಮೂ ಉಳೀತು," ಎಂದರು ಮಾಲೀಕರು. ಮುಂದಿನ ನಾಟಕ ಸಂತೇಬೆನ್ನೂರಿನಲ್ಲಿತ್ತು. ಅದಕ್ಕೆ ಸಾಬರಿಗೆ ಹೇಳಿ ಕಳಿಸಲೇ ಇಲ್ಲ.

ಆ ಸಿಟ್ಟು ಇನ್ನೂ ಇಳಿದಿಲ್ಲ. ಹೊಸ ವಾದ್ಯ ಬಂದರೆ ಅದರಲ್ಲಿ ಏನೇನಿದೆ ಎಂದು ಎಲ್ಲರೂ ಮುಗಿಬಿದ್ದು ನೋಡುತ್ತಾರೆ. ಅದನ್ನು ಇಡಲು ಯಾರನ್ನು ಜಾಗದಿಂದ ಎಬ್ಬಿಸಿದರು ಎಂದು ಮೊದಲು ಕೇಳಬೇಕೆಂಬುದನ್ನು ನನಗೆ ಈ ಕಸುಬು ಕಲಿಸಿತು.